ಗಣಪತಿ ಮಾಡುವ ಅಪ್ಪಯ್ಯ ದುರ್ಗೆ ಮಾಡುವವರ ಕೇರಿಗೆ ಹೋದದ್ದು

ಮಹಾಲಯದ ಹಿಂದಿನ ದಿನ

ಸಾಗರದಲ್ಲಿ ಅಪ್ಪಯ್ಯ 48 ಚೌತಿಗೆ ಗಣಪತಿ ಮಾಡಿದ್ದಾರೆ. ಒಂದು ಚೌತಿಗೂ ಗಣಪತಿ ಬಿಡುವುದನ್ನು ನೋಡಲು ಹೋದವರಲ್ಲ. ನಮ್ಮನೆ ಗಣಪತಿಯನ್ನೂ ಅಣ್ಣನೇ ಕೆರೆಗೆ ಒಯ್ಯಬೇಕು. ಆರತಿ ಮುಗಿದು ಗಣಪತಿಯನ್ನು ಉತ್ತರಕ್ಕೆ ಒಂದು ಚೂರು ಸರಿಸಿದ ಕೂಡಲೇ ಇವರು ಚಪ್ಪಲಿ ಮೆಟ್ಟಿಕೊಂಡು ಪೇಟೆಗೆ ನಡೆದುಬಿಡುತ್ತಾರೆ. ಕೇಳಿದರೆ, "ಮಾಡಿದವ ಮುಳುಗಿಸೋದು ನೋಡಬಾರದು" ಎಂದು ಒಂದೇ ಮಾತು.

ಈ ವರ್ಷ ಮಂಡಿನೋವು ಜಾಸ್ತಿಯಾಗಿ ಕೆಲಸವನ್ನೆಲ್ಲ ಅಣ್ಣನಿಗೆ ಬಿಟ್ಟರು. ಚೌತಿಯ ಮಾರನೇ ದಿನ ನಾನು ಬೆಂಗಳೂರಿನಿಂದ ಫೋನ್ ಮಾಡಿ, "ಕಲ್ಕತ್ತಕ್ಕೆ ಹೋಗಿ ಬರುವ ಅಪ್ಪಯ್ಯ. ಅಲ್ಲಿ ಒಂದು ಕೇರಿಗೆ ಕೇರಿಯೇ ದುರ್ಗೆ ಮಾಡ್ತದಂತೆ" ಎಂದೆ. ಆ ಕಡೆ ಸ್ವಲ್ಪ ಹೊತ್ತು ಸದ್ದೇ ಇಲ್ಲ. ಆಮೇಲೆ, "ಮಣ್ಣು ಎಂಥದಂತೆ?" ಎಂದು ಕೇಳಿದರು. ಟಿಕೆಟ್ ಮಾಡಿಸಿದೆ.

ಮಧ್ಯಾಹ್ನ ಇಳಿದು, ಶೋಭಾಬಜಾರಿನ ಹತ್ತಿರ ಒಂದು ಲಾಡ್ಜಿನಲ್ಲಿ ಸಾಮಾನಿಟ್ಟು, ಕಾಫಿ ಸಿಗದೆ ಚಹಾ ಕುಡಿದು, ಸಂಜೆ ನಾಲ್ಕೂವರೆಗೆ ದುರ್ಗೆ ಮಾಡುವ ಆ ಕೇರಿ, ಕುಮಾರ್‌ಟುಲಿಗೆ ಹೊಕ್ಕೆವು. ಹುಗ್ಲಿ ನದಿ, ಇಲ್ಲಿಯವರ ಬಾಯಲ್ಲಿ ಗಂಗೆ, ಒಂದು ಕೂಗಳತೆಯಲ್ಲಿದೆ. ನಡುವೆ ಊರು ಸುತ್ತುವ ಚಕ್ರ ರೈಲಿನ ಹಳಿ, ಆಚೆ ಘಾಟು. ದೋಣಿಯಲ್ಲಿ ಮಣ್ಣು ಬಂದು ಇಳಿಯುವುದು ಅಲ್ಲೇ. ಕೇರಿ ಅಂದರೆ ಇಬ್ಬರು ಎದುರುಬದುರಾದರೆ ಒಬ್ಬರು ಗೋಡೆಗೆ ಒರಗಬೇಕಾದಂಥ ಓಣಿಗಳು. ಎರಡೂ ಕಡೆ ಟಾರ್ಪಾಲಿನ ಮಾಡು, ಬಿದಿರಿನ ಕಂಬ, ಒಳಗೆ ಕತ್ತಲು. ಆ ಕತ್ತಲಲ್ಲಿ ಸಾಲಾಗಿ ದೇವಿಯರು. ಕೆಲವಕ್ಕೆ ಬಣ್ಣ ಆಗಿದೆ, ಕೆಲವಕ್ಕೆ ಬಿಳಿ ಬಳಿದಿದೆ, ಒಂದಷ್ಟು ಇನ್ನೂ ಬೂದುಬಣ್ಣದ ಹಸಿಮಣ್ಣು. ಒಂದು ಕೊಟ್ಟಿಗೆಯಲ್ಲಿ ಹತ್ತು ಕೈಗಳೂ ಇದ್ದ ದೇವಿಗೆ ತಲೆ ಇರಲಿಲ್ಲ. ತಲೆಗಳನ್ನು ಅಚ್ಚಿನಲ್ಲಿ ಬೇರೆ ತೆಗೆದು, ಹಲಗೆಯ ಮೇಲೆ ಹಲಸಿನಹಣ್ಣಿನ ಹಾಗೆ ಸಾಲಾಗಿ ಇಟ್ಟಿದ್ದರು. ಬೆರಳುಗಳದ್ದು ಇನ್ನೊಂದು ತಟ್ಟೆ.

ನನಗೆ ಒಂದು ಕ್ಷಣ ಹೊಟ್ಟೆ ತೊಳೆಸಿದ ಹಾಗಾಯಿತು. ಅಪ್ಪಯ್ಯ ಒಂದು ಬೆರಳು ಎತ್ತಿಕೊಂಡು ಬೆಳಕಿಗೆ ಹಿಡಿದು ನೋಡಿದರು.

"ಗೆಣ್ಣು ಸರಿ ಇಟ್ಟಿದಾರೆ ಕಣೇ."

ಮಹಾಲಯ

ನಸುಕಿನ ನಾಲ್ಕಕ್ಕೆ ಬೀದಿಯ ಒಂದೊಂದೇ ಮನೆಯಿಂದ ಒಂದೇ ಗಂಡುಧ್ವನಿ ಕೇಳತೊಡಗಿತು. ಆಕಾಶವಾಣಿಯ ಚಂಡೀಪಾಠ, 1930ರ ದಶಕದಿಂದ ಈ ಹೊತ್ತಿಗೆ ಬರುತ್ತಿರುವುದು. ಎದುರಿನ ಮನೆಯ ಅಜ್ಜಿ ರೇಡಿಯೋವನ್ನು ಕಿಟಕಿಯಲ್ಲೇ ಇಟ್ಟಿದ್ದರು. ಅಪ್ಪಯ್ಯನಿಗೆ ಸಂಸ್ಕೃತದ ಶ್ಲೋಕಗಳು ಗೊತ್ತಾದವು, ನಡುವಿನ ಬಂಗಾಳಿ ಗೊತ್ತಾಗಲಿಲ್ಲ; ಆದರೂ ಎದ್ದು ಕೂತು ಪೂರ್ತಿ ಕೇಳಿದರು. ಬೆಳಗಾಗುವಾಗ ಘಾಟಿನಲ್ಲಿ ಸೊಂಟದ ಮಟ್ಟ ನೀರಿನಲ್ಲಿ ನಿಂತು ತರ್ಪಣ ಕೊಡುವವರು ಕಿಕ್ಕಿರಿದಿದ್ದರು. ನಮ್ಮಲ್ಲೂ ಮಹಾಲಯ ಅಮಾವಾಸ್ಯೆ ಅಂದರೆ ಅದೇ ತಾನೆ.

ಇಲ್ಲಿ ಆ ದಿನಕ್ಕೆ ಇನ್ನೊಂದು ಕೆಲಸವಿದೆ. ಅದಕ್ಕೆ ಚೊಕ್ಖುದಾನ್ ಅನ್ನುತ್ತಾರೆ, ಕಣ್ಣು ಕೊಡುವುದು. ಈಗ ಪೆಂಡಾಲುಗಳು ದೊಡ್ಡವಾಗಿ ಆರ್ಡರುಗಳು ಬೇಗ ಹೊರಡಬೇಕಾದ್ದರಿಂದ ಹೆಚ್ಚಿನವಕ್ಕೆ ಕಣ್ಣು ಮೊದಲೇ ಬಂದಿರುತ್ತದೆ. ನಾವು ಹಿಂದಿನ ಸಂಜೆ ಮಾತಾಡಿಸಿದ್ದ ಕುಶಲಕರ್ಮಿ ಮಾತ್ರ ಒಂದು ಹಳೇ ಮನೆತನದ ದುರ್ಗೆಯನ್ನು ಇವತ್ತಿಗೇ ಉಳಿಸಿಕೊಂಡಿದ್ದ. ಐವತ್ತೈದರ ಆಸುಪಾಸಿನ ಮನುಷ್ಯ. ಎಲ್ಲರೂ ಅವನನ್ನು ದಾದಾ ಅನ್ನುತ್ತಿದ್ದರು, ನಾವೂ ಹಾಗೇ ಅಂದೆವು. ಸ್ನಾನ ಮಾಡಿ, ಏನೂ ತಿನ್ನದೆ, ಒಗೆದ ಬಿಳಿ ಪಂಚೆ ಉಟ್ಟು ಹಲಗೆಯ ಮೇಲೆ ಹತ್ತಿದ.

ಹಳೇ ಬಂಗಾಳಿ ಮಾದರಿಯ ಮುಖ: ಅರಿಸಿನ ಬಣ್ಣ, ವೀಳ್ಯದೆಲೆಯ ಆಕಾರ. ಕಣ್ಣಿನ ಜಾಗದಲ್ಲಿ ಬರಿಯ ಬಿಳಿ. ಒಂದು ಚಿಪ್ಪಿನಲ್ಲಿ ಕಪ್ಪು, ಎರಡು ಕುಂಚ. ಎಡಗೈಯ ಕಿರುಬೆರಳನ್ನು ದೇವಿಯ ಕೆನ್ನೆಗೆ ಊರಿಕೊಂಡು ಬಲಗೈಯನ್ನು ಅದರ ಮೇಲಿಟ್ಟ. ಮೊದಲು ಹಣೆಗಣ್ಣು. ಆಮೇಲೆ ಎಡಗಣ್ಣಿನ ಮೇಲಿನ ಗೆರೆ, ಮೂಗಿನ ಕಡೆಯಿಂದ ಕಿವಿಯ ಕಡೆಗೆ, ಕುಂಚ ಎತ್ತದೆ ಒಂದೇ ಎಳೆತ. ಬಿದಿರೆಲೆಯ ಹಾಗೆ ನೀಳವಾಗಿ ತುದಿಯಲ್ಲಿ ಚೂಪಾಯಿತು. ಅವನು ಉಸಿರು ಬಿಟ್ಟದ್ದು ಕೆಳಗೆ ನಿಂತ ನನಗೂ ಕೇಳಿಸಿತು. ಎರಡೂ ಕಣ್ಣಿನ ಗೆರೆ ಮುಗಿದ ಮೇಲೆ ಪಾಪೆ. ಕೊನೆಯದಾಗಿ ಪಾಪೆಯೊಳಗೆ ಎಳ್ಳಿನಷ್ಟು ಬಿಳಿ ಚುಕ್ಕೆ. ಅದು ಬಿದ್ದದ್ದೇ ತಡ, ಅಷ್ಟು ಹೊತ್ತು ಬೊಂಬೆಯ ಕಡೆ ನೋಡುತ್ತಿದ್ದ ನಾವು ಬೊಂಬೆಯಿಂದ ನೋಡಿಸಿಕೊಳ್ಳುತ್ತಿದ್ದೆವು. ಯಾರೋ ಶಂಖ ಊದಿದರು.

ಅಪ್ಪಯ್ಯ ಅಷ್ಟರಲ್ಲಿ ಪಕ್ಕಕ್ಕೆ ಸರಿದು ನಿಂತಿದ್ದರು. ಮನೆಯಲ್ಲೂ ಅವರ ಕ್ರಮ ಅದೇ: ಕಣ್ಣು ಬರೆಯುವಾಗ ಗಣಪತಿಯ ಎದುರು ಯಾರೂ ನಿಲ್ಲುವಂತಿಲ್ಲ. ಅಲ್ಲಿಯವರೆಗೆ ತೊಡೆ ಮೇಲೆ ಮಲಗಿಸಿಕೊಂಡು, ಸೊಂಡಿಲು ಹಿಡಿದು ತಿರುಗಿಸಿ, ಬೆನ್ನಿಗೆ ಎರಡೇಟು ತಟ್ಟಿ ಮಾಡಿದ್ದನ್ನು ಕಣ್ಣು ಬಂದ ಮೇಲೆ ಎರಡು ಕೈಯಲ್ಲೇ ಎತ್ತುತ್ತಾರೆ. ಮಾತೂ ಬದಲಾಗುತ್ತದೆ. "ಆ ಬೊಂಬೆ ಈಚೆ ಕೊಡು" ಅನ್ನುತ್ತಿದ್ದವರು "ಗಣಪತೀನ ಒಳಗಿಡು" ಅನ್ನುತ್ತಾರೆ. ಪುರೋಹಿತರು ಬಂದು ಪ್ರಾಣಪ್ರತಿಷ್ಠೆ ಮಾಡುವುದಕ್ಕೆ ಇನ್ನೂ ಒಂದು ರಾತ್ರಿ ಇರುತ್ತದೆ. ಶಾಸ್ತ್ರದ ಪ್ರಕಾರ ಅದು ಇನ್ನೂ ಮಣ್ಣೇ.

ಪಾಡ್ಯದಿಂದ ತದಿಗೆ

ಮೂರು ದಿನವೂ ಮಳೆ ಹೊಯ್ದು ಹೊಯ್ದು ನಿಲ್ಲುತ್ತಿತ್ತು. ಒಣಗದ ಮೈಗಳಿಗೆ ಫ್ಯಾನು, ಅದಕ್ಕೂ ಬಗ್ಗದಿದ್ದರೆ ಗ್ಯಾಸಿನ ಬೆಂಕಿ. ಸಿಂಹದ ಹೊಟ್ಟೆಗೆ ಒಬ್ಬ ಹುಡುಗ ನೀಲಿ ಬೆಂಕಿ ಹಿಡಿದಿದ್ದ, ಹಬೆ ಏಳುತ್ತಿತ್ತು.

ಮಂಡಿ ನೋಯುತ್ತಿದ್ದರೂ ಅಪ್ಪಯ್ಯ ದಾದಾನ ಕೊಟ್ಟಿಗೆ ಬಿಟ್ಟು ಏಳಲಿಲ್ಲ. ಅವರಿಗೆ ಹಿಂದಿ ಬಾರದು, ದಾದಾನಿಗೆ ಬರುವ ಹಿಂದಿ ನನ್ನದಕ್ಕಿಂತ ಕಡೆ. ಕೆಲಸದ ಮಾತಿಗೆ ಅದು ಅಡ್ಡ ಬರಲಿಲ್ಲ. ಮೊದಲು ಹಲಗೆ ಮತ್ತು ಬಿದಿರಿನ ಚೌಕಟ್ಟು. ಅದಕ್ಕೆ ಕಾಠಾಮೊ ಅನ್ನುತ್ತಾರೆ. ಅದರ ಮೇಲೆ ಒಣಹುಲ್ಲನ್ನು ಸೆಣಬಿನ ದಾರದಲ್ಲಿ ಬಿಗಿದು ಸುತ್ತಿ ಕೈಕಾಲು, ಎದೆ, ಸೊಂಟ ಎಲ್ಲ ಮಾಡುತ್ತಾರೆ. ಹುಲ್ಲಿನ ಮೇಲೆ ಮೊದಲ ಬಳಿತ ಅಂಟುಮಣ್ಣಿಗೆ ಭತ್ತದ ಹೊಟ್ಟು ಕಲಸಿದ್ದು. ಅದು ಒಣಗಿ ಬಿರಿದ ಮೇಲೆ ಮರಳು ಬೆರೆತ ನಯಮಣ್ಣು. ಬಿರುಕಿಗೆ ಹಳೇ ಬಟ್ಟೆಯ ಪಟ್ಟಿಯನ್ನು ತೆಳು ಕೆಸರಿನಲ್ಲಿ ಅದ್ದಿ ಅಂಟಿಸುತ್ತಾರೆ. ಆಮೇಲೆ ಸೀಮೆಸುಣ್ಣದ ಬಿಳಿ, ಹುಣಸೆಬೀಜದ ಅಂಟಿನಲ್ಲಿ ಕಲಸಿದ ಬಣ್ಣ, ಕೊನೆಗೆ ವಾರ್ನಿಶ್ಶು. ಹುಣಸೆಬೀಜ ಕಂಡಾಗ ಅಪ್ಪಯ್ಯನ ಮುಖ ಅರಳಿತು. ಅವರ ಅಪ್ಪನೂ ಅದನ್ನೇ ಬೇಯಿಸಿ ಅಂಟು ಮಾಡುತ್ತಿದ್ದರಂತೆ. ಆದರೆ ಹುಲ್ಲಿನ ವಿಷಯದಲ್ಲಿ ರಾಜಿಯಿಲ್ಲ. "ಒಳಗೆ ಹುಲ್ಲು ತುಂಬಿದ್ದು ಬೆರ್ಚಪ್ಪ ಅಲ್ದಾ" ಎಂದು ನನ್ನ ಕಿವಿಯಲ್ಲಿ ಗೊಣಗಿದರು. ಇವರದ್ದೆಲ್ಲ ಮೊಣಕೈ ಉದ್ದದ ಗಣಪತಿಗಳು. ಹನ್ನೆರಡು ಅಡಿಯ ದೇವಿಯನ್ನು ಇಡಿಯಾಗಿ ಮಣ್ಣಲ್ಲಿ ಮಾಡಿದರೆ ಎತ್ತುವುದು ಯಾರು ಎಂದು ನಾನು ಕೇಳಲಿಲ್ಲ.

ಅಲಂಕಾರದ ಓಣಿ ಬೇರೆ. ಅಲ್ಲಿ ಶೋಲಾ ಎಂದು ತೋರಿಸಿದ್ದು ನೋಡಿದರೆ ನಮ್ಮ ಬಾಸಿಂಗ ಮಾಡುವ ಬೆಂಡು! ಕೆರೆ ಗದ್ದೆಗಳಲ್ಲಿ ಬೆಳೆಯುವ ಗಿಡದ ಒಳತಿರುಳು, ಹಾಲಿನಷ್ಟು ಬಿಳಿ, ಊದಿದರೆ ಹಾರುವಷ್ಟು ಹಗುರ. ಇದೇ ಸಾಲಿನಲ್ಲಿ ಬೆಳ್ಳಿತಗಡಿನ ಅಲಂಕಾರವೂ ಇದೆ, ಹೆಸರು ಡಾಕೇರ್ ಸಾಜ್. ಒಂದು ಕಾಲದಲ್ಲಿ ಆ ತಗಡು ಜರ್ಮನಿಯಿಂದ ಟಪಾಲಿನಲ್ಲಿ ಬರುತ್ತಿತ್ತಂತೆ. ಡಾಕ್ ಅಂದರೆ ಟಪಾಲು. ದೇವಿಯ ಕಿರೀಟ ಪೋಸ್ಟಿನಲ್ಲಿ ಬಂತು ಅನ್ನುವುದನ್ನು ಹೆಸರಿನಲ್ಲೇ ಉಳಿಸಿಕೊಂಡಿದ್ದಾರೆ, ಸಂಕೋಚವಿಲ್ಲದೆ.

ಇನ್ನೊಂದು ಸಂಗತಿಯನ್ನು ಅಪ್ಪಯ್ಯನಿಗೆ ಹೇಳುವುದೋ ಬೇಡವೋ ಎಂದು ಒಂದು ದಿನ ಯೋಚಿಸಿದೆ. ದುರ್ಗೆಯ ಪೂಜೆಗೆ ಬೇಕಾದ ಮಣ್ಣುಗಳಲ್ಲಿ ವೇಶ್ಯೆಯ ಹೊಸ್ತಿಲಿನ ಮಣ್ಣೂ ಒಂದು. ಒಳಗೆ ಹೋಗುವ ಗಂಡಸು ತನ್ನ ಪುಣ್ಯವನ್ನು ಬಾಗಿಲಲ್ಲೇ ಕಳಚಿಟ್ಟು ಹೋಗುತ್ತಾನೆ, ಆದ್ದರಿಂದ ಅದು ಪುಣ್ಯದ ಮಣ್ಣು ಎನ್ನುವುದು ಜನ ಕೊಡುವ ವಿವರಣೆ. ವೇಶ್ಯೆಯರ ಕೇರಿ ಸೋನಾಗಾಛಿ ಇಲ್ಲಿಂದ ನಡೆದುಹೋಗುವಷ್ಟೇ ದೂರ. ಆ ಹೆಂಗಸರ ಮಣ್ಣು ಬೇಕು, ಅವರು ಪೆಂಡಾಲಿಗೆ ಬಂದರೆ ಮುಖ ಸಿಂಡರಿಸಬೇಕು. 2013ರಲ್ಲಿ ಅವರು ಹೈಕೋರ್ಟಿಗೆ ಹೋಗಿ ತಮ್ಮದೇ ದುರ್ಗಾಪೂಜೆಗೆ ಅನುಮತಿ ತಂದುಕೊಂಡರು. ನನಗೆ ಪುಣ್ಯದ ವಿವರಣೆಗಿಂತ ಈ ಕೋರ್ಟಿನ ಕಾಗದ ಹೆಚ್ಚು ಪವಿತ್ರವಾಗಿ ಕಾಣುತ್ತದೆ.

ಹೇಳಿದೆ. ಅಪ್ಪಯ್ಯ ಎಲೆಅಡಿಕೆ ಜಗಿಯುತ್ತ, "ಮಣ್ಣಿಗೆ ಎಂತ ಆಗ್ತದೆ? ಅಂಟಿದ್ರೆ ಸೈ" ಎಂದರು.

ಚೌತಿ

ಕೃಷ್ಣನಗರಕ್ಕೆ ಹೋಗಿಬಂದೆವು. ಸಿಯಾಲ್ದಾದಿಂದ ಲೋಕಲ್ ರೈಲಿನಲ್ಲಿ ಎರಡೂವರೆ ಗಂಟೆ. ಕುಮಾರ್‌ಟುಲಿಯ ಹಲವು ಮನೆಗಳ ಹಿರಿಯರು ಅಲ್ಲಿಂದ ಬಂದವರು. ಘೂರ್ಣಿ ಎನ್ನುವ ಬಡಾವಣೆಯಲ್ಲಿ ಅದೇ ಕೈಗಳು, ಅಂಥದ್ದೇ ಮಣ್ಣು, ಆದರೆ ಮಾಡುವುದು ಮಾರುವ ಬೊಂಬೆ. ಮೀನು ಮಾರುವವಳು, ಹುಕ್ಕಾ ಸೇದುವ ಮುದುಕ, ಹೆಬ್ಬೆರಳಿನಷ್ಟು ಮಾವಿನಹಣ್ಣು. ಮುದುಕನ ಕತ್ತಿನ ನರವೂ ಎದ್ದು ಕಾಣುತ್ತದೆ. ನಿಜ ಹೇಳಬೇಕೆಂದರೆ ಕೈಚಳಕದಲ್ಲಿ ಇವು ದುರ್ಗೆಗಿಂತ ಮೇಲು. ಆದರೂ ಅವುಗಳ ಎದುರು ಯಾರೂ ಚಪ್ಪಲಿ ಬಿಡುವುದಿಲ್ಲ. ಅಪ್ಪಯ್ಯ ಒಂದು ಜೊತೆ ಬಾಳೆಹಣ್ಣು ಕೊಂಡರು, ಮೊಮ್ಮಗನನ್ನು ಮೋಸ ಮಾಡಲಿಕ್ಕೆ.

ಸಂಜೆ ಸಿಯಾಲ್ದಾದಲ್ಲಿ ಇಳಿದರೆ ನಿಲ್ದಾಣದ ಹೊರಗೆ ಗುಡುಗು. ಢಾಕ್ ಎನ್ನುವ ದೊಡ್ಡ ಡೋಲು ಬಾರಿಸುವ ನೂರಾರು ಢಾಕಿಗಳು. ನದಿಯಾ, ಬಾಂಕುಡಾ, ಮುರ್ಷಿದಾಬಾದಿನ ಹಳ್ಳಿಗಳಿಂದ ಹೆಗಲಿಗೆ ಢಾಕ್ ಏರಿಸಿಕೊಂಡು ಬಂದು, ಯಾರಾದರೂ ಪೂಜೆಗೆ ಕರೆದುಕೊಂಡು ಹೋಗಲಿ ಎಂದು ಕಾಯುತ್ತ ಬಾರಿಸುತ್ತಿದ್ದರು. ಒಂದೊಂದು ಢಾಕ್‌ಗೂ ಬಿಳಿ ಗರಿಯ ಜುಟ್ಟು. ಪೂಜಾ ಸಮಿತಿಯವರು ನಡುವೆ ನಡೆದು, ಕೇಳಿ, ಚೌಕಾಸಿ ಮಾಡಿ, ಇಬ್ಬರನ್ನೋ ನಾಲ್ವರನ್ನೋ ಆರಿಸಿಕೊಂಡು ಹೋಗುತ್ತಿದ್ದರು. ಕತ್ತಲಾದರೂ ಆರಿಸಿಕೊಳ್ಳದೆ ಉಳಿದ ಒಬ್ಬ ಮುದುಕ ಬಾರಿಸುವುದನ್ನು ನಿಲ್ಲಿಸಿರಲಿಲ್ಲ.

ಪಂಚಮಿ

ದಕ್ಷಿಣೇಶ್ವರ. ರಾಣಿ ರಾಸಮಣಿ ಕಟ್ಟಿಸಿ 1855ರಲ್ಲಿ ಪ್ರತಿಷ್ಠೆ ಮಾಡಿಸಿದ ಕಾಳಿಯ ಗುಡಿ. ಅದೇ ಅಂಗಳದಲ್ಲಿ ರಾಧಾಕಾಂತನ ಗುಡಿಯೂ ಇದೆ. ಸರತಿ ಸಾಲಿನಲ್ಲಿ ಎರಡು ಗಂಟೆ ನಿಂತಿರುವಾಗ ಅಪ್ಪಯ್ಯನಿಗೆ ಆ ಕೃಷ್ಣನ ಕಥೆ ಹೇಳಿದೆ.

ಗುಡಿ ಹೊಸದಾಗಿದ್ದಾಗ ಅರ್ಚಕರೊಬ್ಬರು ಮೂರ್ತಿಯನ್ನು ಶಯನಕ್ಕೆ ಒಯ್ಯುವಾಗ ಜಾರಿ ಬಿದ್ದು ಕೃಷ್ಣನ ಕಾಲು ಮುರಿಯಿತು. ಪಂಡಿತರನ್ನು ಕರೆಸಿ ಕೇಳಿದರು. ಭಿನ್ನವಾದ ಮೂರ್ತಿಗೆ ಪೂಜೆಯಿಲ್ಲ, ಗಂಗೆಗೆ ಬಿಟ್ಟು ಹೊಸದು ಮಾಡಿಸಿ ಎಂದರು. ರಾಸಮಣಿಗೆ ಮನಸ್ಸು ಒಪ್ಪಲಿಲ್ಲ. ಆಗಿನ್ನೂ ಹುಡುಗನೇ ಆಗಿದ್ದ ರಾಮಕೃಷ್ಣರನ್ನು ಕೇಳಿದರೆ ಅವರು, ರಾಣಿಯ ಅಳಿಯನ ಕಾಲು ಮುರಿದಿದ್ದರೆ ಅವನನ್ನು ಎಸೆದು ಬೇರೆ ಅಳಿಯನನ್ನು ತರುತ್ತಿದ್ದರೋ, ವೈದ್ಯ ಮಾಡಿಸುತ್ತಿದ್ದರೋ ಎಂದರಂತೆ. ತಾವೇ ಕೂತು ಕಾಲನ್ನು ಜೋಡಿಸಿಕೊಟ್ಟರು. ಚಿಕ್ಕಂದಿನಲ್ಲಿ ಮಣ್ಣಿನ ಮೂರ್ತಿ ಮಾಡಿ ಆಡಿದ ಕೈ ಅದು.

ನಾನು ಅಳಿಯನ ಮಾತಿಗೆ ಅಪ್ಪಯ್ಯ ನಗುತ್ತಾರೆ ಅಂದುಕೊಂಡಿದ್ದೆ. ಅವರು ಕೇಳಿದ್ದು ಬೇರೆ.

"ಕಲ್ಲಿನ ಮೂರ್ತಿ ಅಲ್ದಾ? ಎಂತದ್ರಲ್ಲಿ ಅಂಟಿಸಿದ್ರಂತೆ?"

ಆಮೇಲೆ ಮೆಟ್ರೋದಲ್ಲಿ ಕೂತಾಗ ತಾವೇ ಹೇಳಿದರು. ಅಮ್ಮ ತೀರಿಹೋದ ವರ್ಷ ಒಂದು ಗಣಪತಿಯ ಕಿವಿ ಮುರಿದಿತ್ತಂತೆ, ಕಣ್ಣು ಬರೆದಾದ ಮೇಲೆ. ರಾತ್ರಿ ಹನ್ನೊಂದಕ್ಕೆ ಕೂತು ಕಿವಿ ಕೂರಿಸಿ ಬಣ್ಣ ಮುಚ್ಚಿ ಬೆಳಿಗ್ಗೆ ಗಿರಾಕಿಗೆ ಕೊಟ್ಟರಂತೆ. ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ. "ಅವರ ಮನೆಯಲ್ಲಿ ಆ ವರ್ಷ ಮಗಳ ಮದುವೆ ಆಯ್ತು. ಎಂತದೂ ತೊಂದರೆ ಆಗ್ಲಿಲ್ಲ" ಎಂದು ಎರಡು ಸಲ ಹೇಳಿದರು.

ಷಷ್ಠಿ

ಕುಮಾರ್‌ಟುಲಿ ಖಾಲಿಯಾಗುತ್ತಿತ್ತು. ಒಂದೊಂದು ದೇವಿಗೆ ಇಪ್ಪತ್ತು ಇಪ್ಪತ್ತೈದು ಹಮಾಲರು, ಬಿದಿರಿಗೆ ಹೆಗಲು ಕೊಟ್ಟು, ಓಣಿಯ ತಿರುವಿನಲ್ಲಿ ದೇವಿಯ ಮೊಣಕೈ ಗೋಡೆಗೆ ತಾಗದ ಹಾಗೆ ಕೂಗಿ ಕೂಗಿ ಅಂಗುಲ ಅಂಗುಲ ತಿರುಗಿಸಿ ಲಾರಿಗೆ ಏರಿಸುವುದು. ಮುಖಕ್ಕೆ ವೃತ್ತಪತ್ರಿಕೆ ಕಟ್ಟಿದ್ದರು. ಬಯ್ಗುಳಗಳೂ ಧಾರಾಳ. ಆ ಬಯ್ಗುಳದ ನಡುವೆ ಯಾರದೇ ಕಾಲು ದೇವಿಗೆ ತಾಗಿದರೂ ಕೈ ತಾನಾಗಿ ಹಣೆಗೆ ಹೋಗುತ್ತಿತ್ತು.

ಮಧ್ಯಾಹ್ನ ಜೋಡಾಸಾಂಕೋಗೆ ಹೋದೆ, ಒಬ್ಬಳೇ. ಕವಿ ರವೀಂದ್ರನಾಥ ಠಾಕೂರರ ಮನೆ ಇಲ್ಲಿಂದ ಎರಡು ಕಿಲೋಮೀಟರ್ ಒಳಗೇ ಇದೆ. ಅವರ ಅಜ್ಜ ದ್ವಾರಕಾನಾಥರ ಕಾಲದಲ್ಲಿ ಊರೇ ಬೆರಗಾಗುವಂಥ ದುರ್ಗಾಪೂಜೆ ಈ ಮನೆಯಲ್ಲಿ ನಡೆಯುತ್ತಿತ್ತು. ರಾಮಮೋಹನ ರಾಯರು 1828ರಲ್ಲಿ ಇದೇ ಊರಿನಲ್ಲಿ ಬ್ರಹ್ಮಸಭೆ ಆರಂಭಿಸಿ, ಮನುಷ್ಯ ಮಾಡಿದ್ದಕ್ಕೆ ಮನುಷ್ಯ ಕೈಮುಗಿಯುವುದೇನು ಎಂದು ವಾದಿಸಿದರು. ದ್ವಾರಕಾನಾಥರ ಮಗ ದೇವೇಂದ್ರನಾಥರು ಆ ದಾರಿ ಹಿಡಿದ ಮೇಲೆ ಮನೆಯಲ್ಲಿ ಮೂರ್ತಿಪೂಜೆ ನಿಂತಿತು. ಈಗ ಆ ಮನೆ ವಸ್ತುಸಂಗ್ರಹಾಲಯ. ರವೀಂದ್ರರು ಕೊನೆಯುಸಿರೆಳೆದ ಕೋಣೆಗೆ ಜನ ಚಪ್ಪಲಿ ಬಿಟ್ಟು ಹೋಗುತ್ತಾರೆ. ನಾನೂ ಬಿಟ್ಟೆ. ಸ್ಥಾವರವನ್ನು ಬೇಡವೆಂದು ಎದೆಗೆ ಇಷ್ಟಲಿಂಗ ಕಟ್ಟಿಕೊಂಡ ಶರಣರ ನಾಡಿನಿಂದ ಹೋದವಳಿಗೆ ಇದು ಹೊಸತೇನಲ್ಲ: ದೊಡ್ಡದನ್ನು ಕೆಳಗಿಟ್ಟ ಕೈಗೂ ಹಿಡಿಯಲಿಕ್ಕೆ ಏನೋ ಒಂದು ಬೇಕು.

ರಾತ್ರಿ ಪೆಂಡಾಲು ಸುತ್ತಿದೆವು. ಒಂದು ಕೋಟೆ, ಒಂದು ಅರಮನೆ, ಇನ್ನೊಂದು ಪೂರ್ತಿ ಬುಟ್ಟಿಗಳಿಂದ ಕಟ್ಟಿದ್ದು. ಯುನೆಸ್ಕೊ 2021ರಲ್ಲಿ ಈ ಹಬ್ಬವನ್ನು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿದ ಫಲಕ ಎಲ್ಲ ಕಡೆ. ಅಬ್ಬ ಅನ್ನಿಸುವಂಥದ್ದೇ, ಇಲ್ಲವೆನ್ನಲಾರೆ. ಆದರೆ ನಾಲ್ಕನೆಯದಕ್ಕೆ ಅಪ್ಪಯ್ಯ ಮೆಟ್ಟಿಲ ಮೇಲೆ ಕೂತುಬಿಟ್ಟರು, ಐದನೆಯದರಲ್ಲಿ ನನಗೂ ದೇವಿ ಎಲ್ಲಿದ್ದಾಳೆ ಎಂದು ಹುಡುಕಬೇಕಾಯಿತು.

ಸಪ್ತಮಿ

ಬೆಳಿಗ್ಗೆ ಐದೂವರೆಗೆ ಘಾಟಿನಲ್ಲಿ ಬಾಳೆಗಿಡಕ್ಕೆ ಸ್ನಾನ. ಬಾಳೆ, ಕೆಸು, ಅರಿಸಿನ, ಜಯಂತಿ, ಬಿಲ್ವ, ದಾಳಿಂಬೆ, ಅಶೋಕ, ಮಾಣಕೆಸು, ಭತ್ತ: ಒಂಬತ್ತನ್ನೂ ಶಂಖಪುಷ್ಪದ ಬಳ್ಳಿಯಲ್ಲಿ ಕಟ್ಟಿ, ನದಿಯಲ್ಲಿ ಮುಳುಗಿಸಿ ಎತ್ತಿ, ಕೆಂಪಂಚಿನ ಬಿಳಿ ಸೀರೆ ಉಡಿಸಿ, ಸೆರಗು ಹೊದಿಸಿ ತಂದು ಗಣಪತಿಯ ಪಕ್ಕ ನಿಲ್ಲಿಸುತ್ತಾರೆ. ಕಲಾಬೌ, ಬಾಳೆ ಸೊಸೆ. ಗಣಪತಿಯ ಹೆಂಡತಿ ಅಂತ ಜನ ತಮಾಷೆ ಮಾಡುತ್ತಾರೆ. ಪುರೋಹಿತರಿಗೆ ಅವಳು ದುರ್ಗೆಯೇ. ಹತ್ತು ಕೈಯ ಮಣ್ಣಿನ ದೇವಿಗಿಂತ ಈ ಗಿಡದ ಕಟ್ಟೇ ಹಳಬಳಿರಬೇಕು ಅನ್ನಿಸಿತು ನನಗೆ. ತಲೆ ತಗ್ಗಿಸಿದ ಬಾಳೆಲೆಯ ಸೆರಗು, ನಾಚಿಕೆಯ ಮದುಮಗಳಂತೆಯೇ.

ಹಳೇ ಮನೆತನದ ಪೂಜೆ, ದಾದಾ ಕಣ್ಣು ಬರೆದ ಅದೇ ದೇವಿ. ಅವನ ಮಾತಿನ ಮೇಲೆ ನಮ್ಮನ್ನು ಒಳಗೆ ಬಿಟ್ಟರು. ಮಹಾಸ್ನಾನ ನೋಡಬೇಕೆಂದು ಅಪ್ಪಯ್ಯನಿಗೆ ಕುತೂಹಲ. ಮಣ್ಣಿನ ದೇವಿಗೆ ನೀರು ಹಾಕಿದರೆ ಗತಿ? ಪುರೋಹಿತರು ದೇವಿಯ ಎದುರು ಒಂದು ಕನ್ನಡಿ ಹಿಡಿದರು. ಅದರಲ್ಲಿ ದೇವಿಯ ಮುಖ ಬಿತ್ತು. ಆ ಮುಖಕ್ಕೆ ಸ್ನಾನ ಮಾಡಿಸಿದರು. ಗಂಗಾಜಲ, ಎಳನೀರು, ಕಬ್ಬಿನ ಹಾಲು, ಸುಗಂಧದ ನೀರು ಒಂದೊಂದಾಗಿ ಕನ್ನಡಿಯ ಮೇಲೆ ಹರಿದು ಕೆಳಗಿನ ಪಾತ್ರೆಗೆ ಬೀಳುತ್ತಿದ್ದವು. ಆಮೇಲೆ ದರ್ಭೆ, ಅಕ್ಷತೆ, ದೇವಿಯ ಎದೆಯ ಮೇಲೆ ಬೆರಳಿಟ್ಟು ಪ್ರಾಣಪ್ರತಿಷ್ಠೆಯ ಮಂತ್ರ. ದಾದಾ ಬಾಗಿಲ ಹೊರಗೆ ನಿಂತು ಕೈಮುಗಿದಿದ್ದ. ಮೂರು ತಿಂಗಳು ಆ ಎದೆಯನ್ನು ತಟ್ಟಿ ತಟ್ಟಿ ಮಾಡಿದವನು ಇನ್ನು ಅದನ್ನು ಮುಟ್ಟುವ ಹಾಗಿಲ್ಲ.

"ನಮ್ಮ ಹಾಗೇ" ಎಂದರು ಅಪ್ಪಯ್ಯ. ಅದರಲ್ಲಿ ದೂರಿತ್ತೋ ಹೆಮ್ಮೆಯಿತ್ತೋ, ಅವರ ದನಿಯಲ್ಲಿ ಎರಡೂ ಒಂದೇ ಥರ ಕೇಳಿಸುತ್ತವೆ.

ಅಷ್ಟಮಿ

ಬೇಲೂರು ಮಠದಲ್ಲಿ ಕುಮಾರಿಪೂಜೆ. ನಮ್ಮ ಹಾಸನದ ಬೇಲೂರಲ್ಲ, ಗಂಗೆಯ ಆಚೆ ದಡದ್ದು. ವಿವೇಕಾನಂದರು 1901ರಲ್ಲಿ ಇಲ್ಲಿ ಆರಂಭಿಸಿದ್ದು: ಪುಟ್ಟ ಹುಡುಗಿಯನ್ನು ಕೂರಿಸಿ ದೇವಿಯೆಂದೇ ಪೂಜೆ. ಜನಜಂಗುಳಿಯಲ್ಲಿ ನಮಗೆ ಕಂಡದ್ದು ಕೆಂಪು ಸೀರೆಯ ತುದಿ ಮತ್ತು ಒಂದು ದೊಡ್ಡ ಆಕಳಿಕೆ.

ಸಂಜೆ ಮತ್ತೆ ಹಳೇ ಮನೆ. ಅಷ್ಟಮಿಯ ಕೊನೆಯ 24 ನಿಮಿಷ, ನವಮಿಯ ಮೊದಲ 24 ನಿಮಿಷ, ಅದು ಸಂಧಿಪೂಜೆ. 108 ಕಮಲ, 108 ಹಣತೆ. ಮನೆಯ ಹೆಂಗಸರು ಹಣತೆ ಹಚ್ಚುತ್ತ ಹೋದ ಹಾಗೆ ಕೆಳಗಿನಿಂದ ಬೆಳಕು ಏರಿ, ವಾರ್ನಿಶ್ ಬಳಿದ ಮುಖದ ಮೇಲೆ ಕುಣಿದು, ತುಟಿ ಅಲುಗಿದ ಹಾಗೆ ಕಂಡಿತು. ಧೂಪದ ಹೊಗೆ, ಢಾಕಿನ ಸದ್ದು. ದೇವರು ದಿಂಡರ ವಿಷಯದಲ್ಲಿ ನಾನು ಅಷ್ಟಕ್ಕಷ್ಟೆ. ಆ ಹೊತ್ತಿನಲ್ಲಿ ನನ್ನ ಕೈ ಮುಗಿದೇ ಇತ್ತು. ಅಪ್ಪಯ್ಯ ಮಾತ್ರ ಬಗ್ಗಿ ದೇವಿಯ ಬಲಗೈಗಳಲ್ಲಿ ಒಂದನ್ನು ನೋಡುತ್ತಿದ್ದರು. ಹೊರಗೆ ಬಂದ ಮೇಲೆ, "ಮೂರನೇ ಕೈ ಬುಡದಲ್ಲಿ ಬಿರುಕು ಬಿಟ್ಟಿದೆ. ಬಿಸಿಗೆ. ನಾಡಿದ್ದಿನವರೆಗೆ ತಡೀತದೆ" ಎಂದರು.

ನವಮಿ

ಮಳೆ. ಭೋಗದ ಖಿಚುಡಿ, ತರಕಾರಿಯ ಲಾಬ್ರಾ, ಟೊಮೆಟೊ ಚಟ್ನಿ. ಚಟ್ನಿಗೆ ಸಕ್ಕರೆ ಹಾಕುವವರನ್ನು ಅಪ್ಪಯ್ಯ ಇನ್ನೂ ಕ್ಷಮಿಸಿಲ್ಲ. ಊರಿನಿಂದ ಅಣ್ಣನ ಫೋನು: ಆಯುಧಪೂಜೆಗೆ ಕುಂಚ, ಉಳಿ, ಬಣ್ಣದ ಡಬ್ಬಿ, ಸ್ಕೂಟರು ಎಲ್ಲ ಇಟ್ಟಾಗಿದೆ, ಅಪ್ಪಯ್ಯನ ಬಿದಿರಿನ ಕಡ್ಡಿ ಸಿಗುತ್ತಿಲ್ಲ. ಸಿಗುವುದು ಹೇಗೆ? ಅಪ್ಪಯ್ಯ ಚೀಲದ ಅಡಿಯಿಂದ ಅದನ್ನು ತೆಗೆದರು. ಗೇಣುದ್ದದ್ದು, ಮೂವತ್ತು ವರ್ಷದ ಹಿಡಿತಕ್ಕೆ ನಡುವೆ ಸವೆದು ಕಂದು ಬಂದದ್ದು. ಲಾಡ್ಜಿನ ಮೇಜಿನ ಮೇಲೆ ಟವೆಲ್ ಹಾಸಿ, ಅದರ ಮೇಲೆ ಕಡ್ಡಿಯನ್ನಿಟ್ಟು, ದಾದಾನ ಹೆಂಡತಿ ಕೊಟ್ಟಿದ್ದ ಕುಂಕುಮ ಹಚ್ಚಿದರು. ಇಲ್ಲಿಯವರಿಗೆ ಉಪಕರಣದ ಪೂಜೆ ಆಗಲೇ ಸೆಪ್ಟೆಂಬರ್ 17ಕ್ಕೆ, ವಿಶ್ವಕರ್ಮನ ದಿನ, ಆಗಿಹೋಗಿದೆ.

ದೇವರನ್ನು ಮಾಡುವ ಕಡ್ಡಿಗೂ ಪೂಜೆ. ಅದಕ್ಕೆ ಯಾವ ಪ್ರಾಣಪ್ರತಿಷ್ಠೆಯೂ ಇಲ್ಲ, ವಿಸರ್ಜನೆಯೂ ಇಲ್ಲ. ನಾಳೆ ಮತ್ತೆ ಕೆಸರಿಗೆ ಅದ್ದುವುದೇ.

ದಶಮಿ

ಬೆಳಿಗ್ಗೆ ಹಳೇ ಮನೆಯಲ್ಲಿ ದರ್ಪಣ ವಿಸರ್ಜನೆ. ಸಪ್ತಮಿಯಂದು ಸ್ನಾನ ಮಾಡಿಸಿದ ಕನ್ನಡಿಯನ್ನು ನೀರು ತುಂಬಿದ ಪಾತ್ರೆಯಲ್ಲಿಟ್ಟರು, ಮಂತ್ರ ಹೇಳಿದರು, ಮುಗಿಯಿತು. ಶಾಸ್ತ್ರಕ್ಕೆ ದೇವಿ ಹೊರಟುಹೋದಳು. ಆದರೆ ನಿಜವಾದ ಬೀಳ್ಕೊಡುಗೆ ಶುರುವಾದದ್ದು ಆಮೇಲೆ. ಮನೆಯ ಮುತ್ತೈದೆಯರು ಏಣಿಯ ಮೇಲೆ ಹತ್ತಿ ವೀಳ್ಯದೆಲೆಯಿಂದ ದೇವಿಯ ಕೆನ್ನೆ ಒರೆಸಿದರು, ಬಾಯಿಗೆ ಸಂದೇಶ್ ಎಂಬ ಸಿಹಿ ಹಚ್ಚಿದರು, ಹಣೆಗೆ ಸಿಂಧೂರ, ಕಿವಿಯಲ್ಲಿ ಬರುವ ವರ್ಷ ಬಾ ಎಂಬ ಮಾತು. ಕೊನೆಗೆ ಒಬ್ಬರಿಗೊಬ್ಬರು ಸಿಂಧೂರ ಬಳಿದುಕೊಂಡು ಅತ್ತರು, ನಕ್ಕರು. ಮಂತ್ರದ ಪ್ರಕಾರ ಅವರು ಅಪ್ಪಿಕೊಂಡದ್ದು ಬರಿಯ ಮಣ್ಣನ್ನು. ತವರಿಂದ ಹೊರಟ ಮಗಳಿಗೆ ಮಂತ್ರದ ಲೆಕ್ಕ ಯಾರು ಹಾಕುತ್ತಾರೆ?

ಶೋಭಾಬಜಾರಿನ ಅರಮನೆ, ರಾಜಬಾಡಿಯ ಪೂಜೆಗೆ ಇನ್ನೂ ವಯಸ್ಸಾಗಿದೆ. ನವಕೃಷ್ಣ ದೇವ 1757ರಲ್ಲಿ ಆರಂಭಿಸಿದ್ದು. ದೇವಿ ಹೊರಟ ಸುದ್ದಿಯನ್ನು ಕೈಲಾಸಕ್ಕೆ ಮುಟ್ಟಿಸಲು ಹಿಂದೆಲ್ಲ ನೀಲಕಂಠ ಪಕ್ಷಿಯನ್ನು ಹಾರಿಬಿಡುತ್ತಿದ್ದರು. ನೀಲಕಂಠ ಅಂದರೆ ನಮ್ಮ ಕರ್ನಾಟಕದ ರಾಜ್ಯಪಕ್ಷಿಯೇ. ವನ್ಯಜೀವಿ ಕಾನೂನು ಬಂದ ಮೇಲೆ ಅದನ್ನು ಹಿಡಿಯುವಂತಿಲ್ಲ. ಈಗ ಹಕ್ಕಿಯನ್ನೂ ಮಣ್ಣಲ್ಲೇ ಮಾಡಿ ನೀರಿಗೆ ಬಿಡುತ್ತಾರೆ. ಶಿವನಿಗೆ ಸುದ್ದಿ ತಡವಾದ ಹಾಗೆ ಕಾಣುವುದಿಲ್ಲ.

ಸಂಜೆ ಬಾಬುಘಾಟ್. ನಾನು ಹೋಗುತ್ತೇನೆ, ನೀವು ಲಾಡ್ಜಿನಲ್ಲೇ ಇರಿ ಎಂದೆ. ಬರ್ತೇನೆ ಎಂದರು. ಲಾರಿಗಳ ಸಾಲು, ಢಾಕು, "ಆಸ್ಛೆ ಬೊಛೊರ್ ಆಬಾರ್ ಹೋಬೆ" ಎಂಬ ಕೂಗು: ಬರುವ ವರ್ಷ ಮತ್ತೆ ಆಗುತ್ತದೆ. ದೇವಿಯನ್ನು ಕೆಳಗಿಳಿಸಿ, ಸುತ್ತು ತಿರುಗಿಸಿ, ಬೆನ್ನಡಿಯಾಗಿ ನೀರಿಗೆ ಒರಗಿಸುತ್ತಾರೆ. ಒಂದು ಕ್ಷಣ ಮುಖ ಆಕಾಶ ನೋಡುತ್ತ ತೇಲುತ್ತದೆ.

ತಿರುಗಿ ನೋಡಿದರೆ ಅಪ್ಪಯ್ಯ ನದಿಗೆ ಬೆನ್ನು ಹಾಕಿ ಮೆಟ್ಟಿಲ ಮೇಲೆ ಕೂತಿದ್ದರು. ಅವರು ನೋಡುತ್ತಿದ್ದುದು ಘಾಟಿನ ಮೇಲಿನ ಬದಿಯನ್ನು. ನಗರಪಾಲಿಕೆಯ ಕ್ರೇನು ಈಗಷ್ಟೇ ಮುಳುಗಿದ್ದನ್ನು ಎತ್ತಿ ತಂದು ಅಲ್ಲಿ ಇಳಿಸುತ್ತಿತ್ತು; ನೀರು ಕೆಡಬಾರದು ಎಂದು ಈ ವ್ಯವಸ್ಥೆ. ಬಣ್ಣ ಕರಗಿ ಇಳಿಯುತ್ತಿತ್ತು. ಒಂದು ಕೈ ಇನ್ನೂ ಪೂರ್ತಿ ಇತ್ತು, ಬೆರಳು ಸಮೇತ. ಅದರ ಪಕ್ಕದ ಕೈ ಬರಿಯ ಹುಲ್ಲು. ಹುಡುಗರು ಓಡಿಬಂದು ಸೆಣಬಿನ ಗಂಟು ಬಿಚ್ಚುತ್ತಿದ್ದರು.

"ನೋಡಿದ್ರಾ?" ಎಂದು ಕೇಳಿದೆ.

"ಮುಳುಗಿಸೋದು ನೋಡಲಿಲ್ಲ. ಎತ್ತೋದು ನೋಡಿದೆ."

ಏಕಾದಶಿ

ಮಧ್ಯಾಹ್ನದ ವಿಮಾನ. ಹೇಳಿ ಹೋಗೋಣವೆಂದು ದಾದಾನ ಕೊಟ್ಟಿಗೆಗೆ ಹೋದರೆ ಅವನು ಲಕ್ಷ್ಮಿಗೆ ಬಣ್ಣ ಬಳಿಯುತ್ತಿದ್ದ. ಹುಣ್ಣಿಮೆಗೆ ನಾಲ್ಕು ದಿನವಿದೆ, ಲಕ್ಷ್ಮೀಪೂಜೆ. ಅದಾದ ಮೇಲೆ ಕಾಳಿ. ಗೋಡೆಗೆ ಆಗಲೇ ಏಳೆಂಟು ಕಾಠಾಮೊ ಒರಗಿಸಿದ್ದರು, ನದಿಯಿಂದ ವಾಪಸು ಬಂದವು. ಮುಂದಿನ ರಥಯಾತ್ರೆಯ ದಿನ ಇವಕ್ಕೆ ಪೂಜೆ ಮಾಡಿ ಮತ್ತೆ ಹುಲ್ಲು ಕಟ್ಟಲು ಶುರುಮಾಡುತ್ತಾರೆ. ಹಸಿ ಬಿದಿರಿನಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು. ಒಂದರ ಸಂದಿಯಲ್ಲಿ ಕೆಂಪು ಸಿಂಧೂರದ ಕಲೆ.

ಅಪ್ಪಯ್ಯ ಒಂದೊಂದನ್ನೇ ಬೆರಳ ಗೆಣ್ಣಿನಿಂದ ತಟ್ಟುತ್ತ ಹೋದರು. ಎರಡನೆಯದು ಟೊಳ್ಳು, ತಲೆಯಾಡಿಸಿದರು. ಐದನೆಯದಕ್ಕೆ, "ಇದು ಇನ್ನೆರಡು ವರ್ಷ ಬರ್ತದೆ ಅಂತ ಹೇಳೇ ಅವನಿಗೆ." ನಾನು ಹೇಳಿದೆ. ದಾದಾ ಕುಂಚ ಬಾಯಲ್ಲಿ ಕಚ್ಚಿಕೊಂಡೇ ಮೂರು ಬೆರಳು ತೋರಿಸಿದ.

ಆ ಚೌಕಟ್ಟಿನ ಮೂಲೆಯಲ್ಲಿ ಒಂದು ಕಟ್ಟು ಸಡಿಲವಾಗಿತ್ತು. ಅಪ್ಪಯ್ಯ ಮಂಡಿ ಹಿಡಿದುಕೊಂಡು ಕುಕ್ಕರಗಾಲಲ್ಲಿ ಕೂತರು, ದಾರ ಬಿಚ್ಚಿದರು, ಹಲ್ಲಲ್ಲಿ ಒಂದು ತುದಿ ಹಿಡಿದು ಸಾಗರದ ಗಂಟು ಹಾಕಿ ಬಿಗಿದರು. ನನ್ನ ಕೈ ಹಿಡಿದು ಎದ್ದು ನಿಂತರು. ನಾವು ಓಣಿಯ ತಿರುವು ಮುಟ್ಟಿ ಹಿಂದಿರುಗಿ ನೋಡಿದಾಗ ದಾದಾನ ಹುಡುಗ ಆ ಗಂಟನ್ನು ಬಿಚ್ಚಿ ತಮ್ಮ ಗಂಟು ಹಾಕುತ್ತಿದ್ದ.